ಕೈ ಮುಟ್ಟದ ದಂಡೆ

"ಅಯ್ಯನವರೇ, ಚಿಂತೆ ಬಿಡು ಎಂದರೆ ಪ್ರೀತಿ ಬಿಡು ಎಂದ ಹಾಗಲ್ಲವೇ?"

ಕೇಳಿದವನು ಜಕರೀಯ. ಸಭೆಯಲ್ಲಿ ಬೋಧಿಸುವುದನ್ನು ಸುಗುಣಪ್ಪ ಅಯ್ಯನವರ ಬಳಿ ಕಲಿಯುತ್ತಿದ್ದವನು. ಅವನ ಹೆಂಡತಿಗೆ ಎದೆಯ ಕಾಯಿಲೆ. ಅವಳನ್ನು ಎರಡು ದಿನದ ಹಾದಿಯಷ್ಟು ದೂರದ ಆಸ್ಪತ್ರೆಯಲ್ಲಿ ಇರಿಸಿದ್ದರು. ಮನೆಯವರು ಜೊತೆಗಿರಬಾರದು ಎಂಬುದು ಅಲ್ಲಿಯ ನಿಯಮ. ತಿಂಗಳಿಗೊಮ್ಮೆ ಅವಳಿಂದ ಕಾಗದ ಬರುತ್ತಿತ್ತು. ಈ ತಿಂಗಳು ಬಂದಿರಲಿಲ್ಲ.

ಆರಾಧನೆ ಮುಗಿದು ಜನ ಹೋಗಿದ್ದರು. ಗುರು ಶಿಷ್ಯರಿಬ್ಬರೇ ಉಳಿದಿದ್ದರು.

ಜಕರೀಯ ಮತ್ತೆ ಹೇಳಿದ. "ಚಿಂತೆ ಮಾಡಬೇಡ ಎಂಬ ಸ್ವಾಮಿಯ ಮಾತನ್ನು ಮೂರು ಭಾನುವಾರ ಬೋಧಿಸಿದೆ. ಜನ ತಲೆಯಾಡಿಸಿದರು. ನಾನು ಮನೆಗೆ ಹೋದರೆ ಚಿಂತೆ ನನಗಿಂತ ಮೊದಲೇ ಬಂದು ಕೂತಿರುತ್ತದೆ. ಅದನ್ನು ಹೊರಗೆ ಹಾಕಲು ಹೋದರೆ ಅವಳನ್ನೇ ಹೊರಗೆ ಹಾಕಿದ ಹಾಗಾಗುತ್ತದೆ. ಹಾಗಾದರೆ ನಂಬಿದವನು ಮಾಡಬೇಕಾದ್ದು ಏನು?"

"ಕೂತುಕೋ" ಎಂದರು ಅಯ್ಯನವರು. ಆಮೇಲೆ ಈ ಕತೆ ಹೇಳಿದರು.

ನಾನು ನಿನ್ನ ವಯಸ್ಸಿನವನಿದ್ದಾಗ ನನ್ನನ್ನು ಕೃಷ್ಣಾ ಹೊಳೆಯ ದಂಡೆಯ ಒಂದು ಊರಿಗೆ ಕಳಿಸಿದರು. ಆಗ ಅಲ್ಲಿ ಸೇತುವೆ ಇರಲಿಲ್ಲ. ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲಿನಲ್ಲಿ ಜನ ದಾಟುತ್ತಿದ್ದರು. ನಮ್ಮ ಸಭೆಯಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಹೆಸರು ಸಾರವ್ವ. ಗಂಡ ತೀರಿಕೊಂಡಿದ್ದ. ಸುತ್ತಿನ ಏಳು ಹಳ್ಳಿಗಳಲ್ಲಿ ಅವಳ ಕೈಗೆ ಹುಟ್ಟದ ಮಕ್ಕಳು ಕಡಿಮೆ. ಜಾತಿ ನೋಡದೆ ಕರೆಯುತ್ತಿದ್ದರು, ಜಾತಿ ಕೇಳದೆ ಹೋಗುತ್ತಿದ್ದಳು.

ಅವಳಿಗೆ ಒಬ್ಬಳೇ ಮಗಳು. ರೂತವ್ವ ಎಂದು. ಹೊಳೆಯ ಆಚೆ ದಂಡೆಯ ಊರಿಗೆ ಅವಳನ್ನು ಕೊಟ್ಟಿದ್ದಳು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಳು. ತಾಯಿಯೇ ಹೆರಿಗೆ ಮಾಡಿಸಿದಳು. ಕೂಸು ಕಾಲು ಮುಂದಾಗಿ ಬಂತು. ಬದುಕಲಿಲ್ಲ.

ಅಂದಿನಿಂದ ಸಾರವ್ವ ಬದಲಾದಳು. ಕರೆದಲ್ಲಿಗೆ ಹೋಗುತ್ತಿದ್ದಳು, ಕೆಲಸವನ್ನು ಮೊದಲಿನ ಹಾಗೆಯೇ ಮಾಡುತ್ತಿದ್ದಳು. ಆದರೆ ನಗುವುದನ್ನು ಬಿಟ್ಟಳು.

ಎರಡು ವರ್ಷಕ್ಕೆ ಮಗಳು ಮತ್ತೆ ಬಸುರಿಯಾದಳು. ಈ ಸಲ ಬೀಗಿತಿ ಅವಳನ್ನು ಕಳಿಸಲಿಲ್ಲ. "ಒಂದು ಸಲ ಕಳಿಸಿ ನೋಡಿದ್ದಾಯಿತು, ನೀವೇ ಇಲ್ಲಿಗೆ ಬರ್ರಿ" ಎಂದು ಹೇಳಿ ಕಳಿಸಿದಳು. ಸಾರವ್ವ ಆ ಮಾತನ್ನು ನುಂಗಿಕೊಂಡಳು. ದಿನ ತುಂಬಲು ಒಂದು ತಿಂಗಳು ಇರುವಾಗ ಹೊಳೆ ದಾಟಿ ಹೋಗಿ ಮಗಳ ಹೊಟ್ಟೆ ಮುಟ್ಟಿ ನೋಡಿದಳು. ಕೂಸಿನ ತಲೆ ಮೇಲಿತ್ತು, ಪಕ್ಕೆಲುಬಿನ ಕೆಳಗೆ. ಮೊದಲಿನ ಹಾಗೆಯೇ. ಯಾರಿಗೂ ಹೇಳಲಿಲ್ಲ. ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಹತ್ತು ದಿನ ಮುಂಚೆ ಬರುತ್ತೇನೆ ಎಂದು ಹೇಳಿ ಹಿಂದಿರುಗಿದಳು.

ಹೊರಡುವಾಗ ಅಳಿಯನನ್ನು ಹೊಳೆಯ ತನಕ ಕರೆತಂದಳು. ದಂಡೆಯ ಮೇಲೆ ಒಂದು ಎತ್ತರದ ಬಿದಿರಿನ ಗಳ ನೆಡಿಸಿದಳು. "ನಾನು ಬರುವ ಮೊದಲೇ ನೋವು ಬಂದರೆ ಇದಕ್ಕೆ ಒಂದು ಬಿಳಿ ಬಟ್ಟೆ ಕಟ್ಟು. ನಮ್ಮ ದಂಡೆಗೆ ಕಾಣಿಸುತ್ತದೆ" ಎಂದಳು.

ಆಮೇಲಿನ ದಿನಗಳಲ್ಲಿ ಅವಳು ಸರಿಯಾಗಿ ಉಣ್ಣಲಿಲ್ಲ. ದಿನಕ್ಕೆ ಮೂರು ಸಲ ಹೊಳೆಗೆ ಹೋಗಿ ಆಚೆ ನೋಡಿ ಬರುತ್ತಿದ್ದಳು. ನಡುರಾತ್ರಿ ಎದ್ದು ಪ್ರಾರ್ಥನೆ ಮಾಡುತ್ತಿದ್ದಳೆಂದು ನೆರೆಯವರು ಹೇಳಿದರು. ಇಂಥ ನಂಬಿಕೆಯವಳು ನಮ್ಮ ಸಭೆಯಲ್ಲಿ ಇದ್ದಾಳಲ್ಲ ಎಂದು ನಾನು ಹಿಗ್ಗಿದೆ. ನನಗೆ ತಿಳಿದಿರಲಿಲ್ಲ. ಅದು ಕೈ ಮುಗಿದುಕೊಂಡ ಚಿಂತೆ.

ಆಗ ಶ್ರಾವಣ. ನಮ್ಮ ಕಡೆ ಹನಿ ಮಳೆ ಇರಲಿಲ್ಲ. ಬಿಸಿಲು ಕಾಯುತ್ತಿತ್ತು. ಹೊಳೆಯಲ್ಲಿ ಹರಿಗೋಲು ಓಡಾಡುವಷ್ಟೇ ನೀರು. ಆ ಹೊತ್ತಿಗೆ ಕುರಿಗಾಹಿಗಳ ಒಂದು ಗುಂಪು ಆಚೆಗೆ ದಾಟಲು ಬಂದು ನಮ್ಮ ದಂಡೆಯಲ್ಲಿ ಬೀಡುಬಿಟ್ಟಿತ್ತು. ಬೆಳಗಿನಿಂದ ಅಂಬಿಗರು ಅವರ ಕುರಿಗಳನ್ನು, ಮುದುಕರನ್ನು, ಸಾಮಾನುಗಳನ್ನು ಸರದಿಯ ಮೇಲೆ ದಾಟಿಸಿದರು. ಗುಂಪಿನ ಹಿರಿಯ ಹೆಂಗಸು ಲಗುಮವ್ವ ಎಂಬಾಕೆ. ಅವಳ ಸೊಸೆ ತುಂಬಿದ ಬಸುರಿ. ಕುರಿಗಳ ತುಳಿತದಲ್ಲಿ ಬಸುರಿಯನ್ನು ಕೂರಿಸುವುದು ಬೇಡ, ಕೊನೆಯ ಸರದಿಗೆ ಗಂಡನ ಜೊತೆ ನಿಧಾನವಾಗಿ ಬರಲಿ ಎಂದು ಹೇಳಿ ಲಗುಮವ್ವ ಒಲೆ ಹೂಡಲು ತಾನು ಮುಂದೆ ದಾಟಿದಳು.

ಕೊನೆಯ ಸರದಿ ಆಗಲೇ ಇಲ್ಲ. ಪಡುವಣದ ಬೆಟ್ಟಗಳಲ್ಲಿ ಎಲ್ಲೋ ಬಿದ್ದ ಮಳೆ ಬಿಸಿಲಿನಲ್ಲಿಯೇ ನಮ್ಮ ಬಳಿಗೆ ಬಂತು. ಮೊದಲು ನೀರಿನ ಬಣ್ಣ ಕೆಂಪಾಯಿತು. ಒಂದು ತಾಸಿನಲ್ಲಿ ಬಟ್ಟೆ ಒಗೆಯುವ ಕಲ್ಲುಗಳು ಮುಳುಗಿದವು. ಅಂಬಿಗರು ಹರಿಗೋಲುಗಳನ್ನು ಮೇಲಕ್ಕೆ ಎಳೆದು ಬೋರಲು ಹಾಕಿದರು. ಮೇಲೆ ಒಂದು ಮೋಡ ಇಲ್ಲ, ಕೆಳಗೆ ಹೊಳೆ ದಡ ಮೀರಿ ಹೋಗುತ್ತಿತ್ತು. ಊರಿನವರೆಲ್ಲ ಬಂದು ನೋಡುತ್ತ ನಿಂತರು.

ಆಗಲೇ ಆಚೆ ದಂಡೆಯ ಗಳದ ಮೇಲೆ ಬಿಳಿ ಬಟ್ಟೆ ಏರಿತು.

ದಿನ ತುಂಬಲು ಇನ್ನೂ ಹನ್ನೆರಡು ದಿನ ಇತ್ತು. ಅಲ್ಲಿ ನಿಂತ ಮನುಷ್ಯ ನಮಗೆ ಜೋಳದ ಕಾಳಿನಷ್ಟು ಕಾಣುತ್ತಿದ್ದ. ಕೂಗಿದರೆ ಕೇಳುವ ದೂರವಲ್ಲ. ಆ ಕಾಳು ಸ್ವಲ್ಪ ಹೊತ್ತು ಅಲ್ಲಿಯೇ ಇತ್ತು. ಆಮೇಲೆ ಕಾಣಲಿಲ್ಲ. ಬಟ್ಟೆ ಉಳಿಯಿತು.

ಸಾರವ್ವ ಗಂಟು ಹಿಡಿದುಕೊಂಡು ಓಡಿ ಬಂದಳು. ಅಂಬಿಗರ ಕಾಲು ಹಿಡಿದಳು. ಅವರಲ್ಲಿ ಒಬ್ಬ ಮುದುಕ ಹೇಳಿದ: "ಯವ್ವಾ, ಇದು ನೀರಲ್ಲ, ಹರಿಯೋ ಗ್ವಾಡಿ. ಮೂರು ದಿನ ಯಾರೂ ದಾಟಾಂಗಿಲ್ಲ." ಅವಳು ತಾನೇ ಒಂದು ಹರಿಗೋಲನ್ನು ನೀರಿಗೆ ಎಳೆಯಲು ಹೋದಳು. ನಾಲ್ವರು ಸೇರಿ ಬಿಡಿಸಿದರು. ಅವಳು ಮೊಣಕಾಲುದ್ದ ನೀರಿನಲ್ಲಿ ನಿಂತಳು.

ನಾನು ಹೋಗಿ ದಂಡೆಯ ಮೇಲೆ ನಿಂತೆ. "ಚಿಂತೆ ಮಾಡಬೇಡಿ, ಸಾರವ್ವ. ದೇವರು ನೋಡಿಕೊಳ್ಳುತ್ತಾನೆ" ಎಂದೆ.

ಅವಳು ತಿರುಗಿ ನನ್ನನ್ನು ನೋಡಿದಳು. "ಅಯ್ಯನವರ, ನಿಮಗ ಮಗಳು ಅದಾಳೇನು?" ಎಂದಳು.

ನನಗೆ ಆಗ ಮದುವೆಯೇ ಆಗಿರಲಿಲ್ಲ. ನಾನು ಹೇಳಿದ್ದು ಸುಳ್ಳಲ್ಲ, ಜಕರೀಯ. ಆದರೆ ನಾನು ಅದನ್ನು ಒಣ ನೆಲದ ಮೇಲೆ ನಿಂತು ಹೇಳಿದ್ದೆ. ಇಂದಿಗೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಆ ಕುರಿಗಾಹಿ, ಲಗುಮವ್ವನ ಮಗ, ಜನರ ನಡುವೆ ದಾರಿ ಮಾಡಿಕೊಂಡು ಬಂದ. ಓಡಿ ಬಂದವನು ಏದುಸಿರು ಬಿಡುತ್ತಿದ್ದ.

"ಯವ್ವಾ, ನೀವು ಸೂಲಗಿತ್ತಿ ಅಂತ ಅಂಬಿಗ ಹೇಳಿದ. ನನ್ನ ಹೇಂತಿಗೆ ಬ್ಯಾನಿ ಎದ್ದಾವ. ನಮ್ಮವ್ವ ಆ ದಂಡಿಗೆ ಉಳದಾಳ. ಬರ್ರಿ."

"ನಾ ಬರಾಂಗಿಲ್ಲಪಾ" ಎಂದಳು ಸಾರವ್ವ. "ನನ್ನ ಮಗಳಿಗೂ ಇದ ಹೊತ್ತು. ಅಲ್ಲಿ ನೋಡು, ಬಿಳೇ ಅರಿವಿ."

ಅವನು ಆ ಬಟ್ಟೆಯನ್ನು ನೋಡಿದ. ಹೊಳೆಯನ್ನು ನೋಡಿದ. "ಅಲ್ಲಿ ನಿಮಗ ಹೋಗಾಕ ಆಗೂದಿಲ್ಲ, ಯವ್ವಾ" ಎಂದ. "ಇಲ್ಲಿ ಬರಾಕ ಆಗತೈತಿ."

ಅವನು ಅದನ್ನು ಬುದ್ಧಿ ಹೇಳುವವನ ಹಾಗೆ ಹೇಳಲಿಲ್ಲ. ಅಳುತ್ತ ಹೇಳಿದ. ಸಾರವ್ವ ಅವನ ಮುಖವನ್ನೇ ನೋಡುತ್ತ ನಿಂತಳು. ಒಂದು ಪ್ರಾರ್ಥನೆ ಮುಗಿಯುವಷ್ಟು ಹೊತ್ತು ನಿಂತಿರಬಹುದು.

ಆಮೇಲೆ ಅವಳು ಹೊಳೆಯ ಕಡೆಗೆ ತಿರುಗಿ ಎರಡೂ ಕೈ ಮುಂದೆ ಚಾಚಿದಳು. ಸೂಲಗಿತ್ತಿಯರು ಆಗತಾನೆ ಹುಟ್ಟಿದ ಕೂಸನ್ನು ಮನೆಯವರ ಕೈಗೆ ಕೊಡುವಾಗ ಹಾಗೆ ಚಾಚುತ್ತಾರೆ. ದೇವರೊಂದಿಗೆ ಗಟ್ಟಿಯಾಗಿ ಮಾತಾಡಿದಳು. ಎಲ್ಲರೂ ಕೇಳಿದರು.

"ತಗೋ ನನ್ನಪ್ಪಾ. ಆ ದಂಡಿಗೆ ನನ್ನ ಕೈ ಮುಟ್ಟಾಂಗಿಲ್ಲ. ನಿನ್ನ ಕೈ ಮುಟ್ಟತೈತಿ. ಆಕಿನ್ನ ನೀ ನೋಡು. ನನ್ನ ಮುಂದ ಇಟ್ಟೀಯಲ್ಲ, ಈಕಿನ್ನ ನಾ ನೋಡತೀನಿ."

ಬರಿಗೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಆ ಬಟ್ಟೆಗೆ ಬೆನ್ನು ತಿರುಗಿಸಿ ನೀರಿನಿಂದ ಮೇಲೆ ಬಂದಳು. ನಾನು ಐವತ್ತು ವರ್ಷ ಸಭೆಗಳಲ್ಲಿ ಕಳೆದಿದ್ದೇನೆ. ಉಪವಾಸ ಮಾಡುವವರನ್ನು ಕಂಡಿದ್ದೇನೆ, ಆಸ್ತಿ ಬಿಟ್ಟವರನ್ನು ಕಂಡಿದ್ದೇನೆ. ಅವಳು ಹಾಗೆ ಬೆನ್ನು ತಿರುಗಿಸಿದ್ದಕ್ಕಿಂತ ಕಷ್ಟದ ಕೆಲಸವನ್ನು ಯಾರೂ ಮಾಡಿದ್ದನ್ನು ಕಂಡಿಲ್ಲ.

ಒಂದು ಜಾಲಿಯ ಮರದ ಕೆಳಗೆ ಸುತ್ತಲೂ ಕಂಬಳಿ ಕಟ್ಟಿದ್ದರು. ಊರಿನ ಇಬ್ಬರು ಹೆಂಗಸರು ಒಳಗೆ ಹೋದರು. ನೀರು ಕಾಯಿಸುವ ಕೆಲಸ ನನಗೆ ಬಂತು. ಮಧ್ಯಾಹ್ನದಿಂದ ಹೊತ್ತು ಇಳಿಯುವ ತನಕ ನಾನು ಒಲೆ ಊದುತ್ತ ಕೂತೆ. ಮೊದಮೊದಲು ಸಾರವ್ವ ನಡುನಡುವೆ ಹೊರಗೆ ಬಂದು ಹೊಳೆಯ ಕಡೆ ನೋಡಿ ಒಳಗೆ ಹೋಗುತ್ತಿದ್ದಳು. ಮೂರು ಸಲ ಬಂದಳು. ಆಮೇಲೆ ಬರಲಿಲ್ಲ. ಒಳಗಿನಿಂದ ಅವಳ ದನಿ ಮಾತ್ರ ಕೇಳುತ್ತಿತ್ತು. ಹೆರುವವಳಿಗೆ ಧೈರ್ಯ ಹೇಳುವ ದನಿ. ಅದರಲ್ಲಿ ನಡುಕ ಇರಲಿಲ್ಲ.

ಆ ಮಧ್ಯಾಹ್ನ ಚಿಂತೆ ಹೇಗೆ ಹೋಯಿತು ಎಂದು ಬಹಳ ದಿನದ ಮೇಲೆ ನಾನು ಅವಳನ್ನು ಕೇಳಿದೆ. ಅವಳು ಹೇಳಿದಳು: "ಎಲ್ಲಿ ಹೋತರಿ ಅಯ್ಯನವರ? ಬರತಿತ್ತು. ಬಂದಾಗೊಮ್ಮೆ 'ಆಗಳೇ ಕೊಟ್ಟೀನಲ್ಲ' ಅಂತಿದ್ದೆ. ಮತ್ತ ಬರತಿತ್ತು. ಮತ್ತ ಕೊಡತಿದ್ದೆ. ನೂರು ಸಲ ಕೊಟ್ಟಿರಬೇಕು."

ಹೊತ್ತು ಮುಳುಗುವ ಮೊದಲು ಕೂಸು ಅತ್ತಿತು. ಹೆಣ್ಣು. ಹೊರಗೆ ನಿಂತ ತಂದೆ ನೆಲಕ್ಕೆ ಹಣೆ ಹಚ್ಚಿದ. ಆದರೆ ಒಳಗೆ ಕೆಲಸ ಮುಗಿದಿರಲಿಲ್ಲ. ತಾಯಿಗೆ ನೆತ್ತರು ನಿಲ್ಲಲಿಲ್ಲ. ಕಂಬಳಿಯ ಕೆಳಗಿನಿಂದ ನೆತ್ತರು ಹೊರಗಿನ ಮಣ್ಣಿಗೆ ಬಂದದ್ದನ್ನು ನಾನು ನೋಡಿದೆ. ಒಳಗಿದ್ದ ಹೆಂಗಸರು ಅಳಲು ತೊಡಗಿದರು. ಸಾರವ್ವ ಅವರನ್ನು ಗದರಿದಳು. ಬಾಣಂತಿಯ ಹೊಟ್ಟೆಯ ಮೇಲೆ ಕೈ ಇಟ್ಟು ಒತ್ತಿ ನಾದತೊಡಗಿದಳು. ಒಂದು ತಾಸು ಕೈ ತೆಗೆಯಲಿಲ್ಲ. ಕೈ ಸೋತು ಬಿಟ್ಟಿದ್ದರೆ ಆ ಹೆಂಗಸು ಉಳಿಯುತ್ತಿರಲಿಲ್ಲ. ಬಿಡಲಿಲ್ಲ. ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಯಿತು. ನೆತ್ತರು ನಿಂತಿತು.

ಸಾರವ್ವ ಹೊರಗೆ ಬಂದು ಕೈ ತೊಳೆಯಲು ಹೊಳೆಗೆ ಹೋದಳು. ಇನ್ನೂ ಸ್ವಲ್ಪ ಬೆಳಕಿತ್ತು. ತಲೆ ಎತ್ತಿ ಆಚೆ ನೋಡಿದಳು.

ಗಳ ಇತ್ತು. ಬಟ್ಟೆ ಇರಲಿಲ್ಲ.

ಬಟ್ಟೆ ಕಟ್ಟಿದರೆ ಏನರ್ಥ ಎಂದು ಅವರು ಮಾತಾಡಿಕೊಂಡಿದ್ದರು. ಇಳಿಸಿದರೆ ಏನರ್ಥ ಎಂದು ಮಾತಾಡಿಕೊಂಡಿರಲಿಲ್ಲ. ಹೆರಿಗೆ ಆಯಿತು ಎಂದು ಇಳಿಸಿರಬಹುದು. ಗಾಳಿ ಹಾರಿಸಿಕೊಂಡು ಹೋಗಿರಬಹುದು. ಇನ್ನೂ ಒಂದು ಕೆಲಸಕ್ಕೆ ಮನೆಗೆ ಬಿಳಿ ಬಟ್ಟೆ ಬೇಕಾಗುತ್ತದೆ. ಅದನ್ನು ಅವಳೂ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಹೇಳಲಿಲ್ಲ. ಚಿಂತೆ ಮಾಡಬೇಡಿ ಎಂದು ಈ ಸಲ ನಾನು ಹೇಳಲಿಲ್ಲ. ಅವಳ ಪಕ್ಕದಲ್ಲಿ ನೀರಿಗೆ ಇಳಿದು ನಿಂತೆ. ಅಷ್ಟೇ ನನ್ನಿಂದಾದದ್ದು.

ಅವಳು ಬಹಳ ಹೊತ್ತು ಆ ಗಳವನ್ನು ನೋಡಿದಳು. ಕೊನೆಗೆ "ಕೊಟ್ಟಿದ್ದನ್ನ ಹೊಳ್ಳಿ ಕೇಳಬಾರದರಿ ಅಯ್ಯನವರ" ಎಂದಳು. ಮೇಲೆ ಹತ್ತಿ ಬಂದು ಬಾಣಂತಿಗೆ ಗಂಜಿ ಕಾಯಿಸಿದಳು. ಅವಳಿಗೆ ಕುಡಿಸಿದ ಮೇಲೆ ತಾನೂ ಒಂದು ರೊಟ್ಟಿ ಮುರಿದು ತಿಂದಳು. ಮಗಳನ್ನು ನೋಡಿ ಹಿಂದಿರುಗಿದ ಮೇಲೆ ಅವಳು ಹಸಿದು ಉಂಡದ್ದು ಅದೇ ಮೊದಲು ಎಂದು ನೆರೆಯವಳು ಆಮೇಲೆ ನನಗೆ ಹೇಳಿದಳು.

ಮೂರು ದಿನ ಹೊಳೆ ಇಳಿಯಲಿಲ್ಲ. ಮೂರು ದಿನವೂ ಸಾರವ್ವ ಆ ಬಾಣಂತಿಯ ಬಳಿಯೇ ಇದ್ದಳು. ಕೂಸಿಗೆ ನೀರು ಹಾಕಿದಳು. ತಾಯಿಗೆ ಮೈ ಕಾಯಿಸಿದಳು. ಅವಳು ಸಂತೋಷವಾಗಿದ್ದಳು ಎಂದು ನಾನು ಹೇಳಲಾರೆ. ಆದರೆ ಅವಳ ಬಳಿ ಹೋದವರು ಮೆಲ್ಲಗೆ ಮಾತಾಡುತ್ತಿದ್ದರು. ಯಾರೋ ದೊಡ್ಡವರು ಬಂದು ಕೂತ ಮನೆಗೆ ಹೋದವರ ಹಾಗೆ. ನಾನು ಮಾತ್ರ ಮೊದಲ ಮಧ್ಯಾಹ್ನದಿಂದಲೇ ದಿನವೂ ಮಂಡಿಯೂರಿ, ಸ್ವಾಮಿ ಈ ಹೊಳೆಯನ್ನು ಇಳಿಸು ಎಂದು ಬೇಡುತ್ತಿದ್ದೆ. ಅವನು ಇಳಿಸಲಿಲ್ಲ.

ನಾಲ್ಕನೆಯ ದಿನ ನೀರು ಇಳಿಯಿತು. ಮೊದಲ ಹರಿಗೋಲಿನಲ್ಲಿ ಕುರಿಗಾಹಿ, ಅವನ ಹೆಂಡತಿ, ಸಾರವ್ವ ಮತ್ತು ನಾನು ಕೂತೆವು. ಕೂಸು ಸಾರವ್ವನ ಮಡಿಲಲ್ಲಿತ್ತು. ನಡುಹೊಳೆಯಲ್ಲಿ ಹರಿಗೋಲು ಎರಡು ಸುತ್ತು ತಿರುಗಿತು.

ಆಚೆ ದಂಡೆಯಲ್ಲಿ ಕುರಿಗಳು ನಿಂತಿದ್ದವು. ಕುರಿಗಾಹಿಗಳು ನಿಂತಿದ್ದರು. ಸಾರವ್ವನ ಕಣ್ಣು ಅಳಿಯನನ್ನು ಹುಡುಕಿತು. ಅವನು ಇರಲಿಲ್ಲ. ಅವಳು ಮಡಿಲಿನ ಕೂಸನ್ನು ಎದೆಗೆ ಅವಚಿಕೊಂಡಳು.

ಮುದುಕಿಯೊಬ್ಬಳು ಸೀರೆ ನೆನೆಯುವುದನ್ನೂ ಲೆಕ್ಕಿಸದೆ ನೀರಿಗೆ ನುಗ್ಗಿ ಬಂದು ಹರಿಗೋಲಿನ ಅಂಚು ಹಿಡಿದಳು. ಲಗುಮವ್ವ. ಸೊಸೆಯ ಗಲ್ಲ ಸವರಿದಳು. ಕೂಸಿನ ಮುಖ ನೋಡಿದಳು. ಆಮೇಲೆ ಕೂಸನ್ನು ಹಿಡಿದಿದ್ದವಳ ಮುಖ ನೋಡಿದಳು. ಅವರಿಬ್ಬರೂ ಒಬ್ಬರನ್ನೊಬ್ಬರು ಎಂದೂ ಕಂಡವರಲ್ಲ.

"ನೀ ಸಾರವ್ವ ಅಲ್ಲೇನು?" ಎಂದಳು.

ಸಾರವ್ವ ತಲೆಯಾಡಿಸಿದಳು.

"ಮಾರಿ ನೋಡಿದ್ರ ಗೊತ್ತಾಗತೈತಿ. ಇದ ಮೂಗು, ಇದ ಹಣಿ. ನಡಿ, ನಿನ್ನ ಮಗಳು ಕೂಸಿಗೆ ಹಾಲು ಕುಡಸಾಕತ್ಯಾಳ."

ನಡೆದದ್ದು ಇಷ್ಟು. ಬಟ್ಟೆ ಕಟ್ಟಿದ ಅಳಿಯ ನಮ್ಮ ದಂಡೆಯಿಂದ ಹರಿಗೋಲು ಹೊರಡಲಿಲ್ಲವೆಂದು ಕಂಡು ಅಲ್ಲಿಯೇ ಕುಸಿದು ಕೂತ. ಅದೇ ದಂಡೆಯಲ್ಲಿ ಲಗುಮವ್ವ ಸೊಸೆಯನ್ನು ನೆನೆದು ಅತ್ತಿತ್ತ ತಿರುಗುತ್ತಿದ್ದಳು. ಅವನು ಯಾಕೆ ಅಳುತ್ತಾನೆ ಎಂದು ಕೇಳಿದಳು. ಅವನು ಹೇಳಿದ. ಅವಳು ನಮ್ಮ ದಂಡೆಯ ಕಡೆಗೆ ಒಂದು ಸಲ ನೋಡಿದಳು. "ನನ್ನ ಸೊಸಿನ್ನ ಅಲ್ಲಿ ಯಾರರ ನೋಡಲಿ. ನಡಿ, ನಾ ನಿನ್ನ ಹೇಂತಿನ್ನ ನೋಡತೀನಿ" ಎಂದು ಅವನ ಹಿಂದೆ ಹೋದಳು. ಅವಳು ನಮ್ಮ ಸ್ವಾಮಿಯ ಹೆಸರು ಕೇಳಿದವಳಲ್ಲ.

ಲಗುಮವ್ವನ ಬೆನ್ನ ಮೇಲಿನ ಗಂಟಿನ ಬಟ್ಟೆಗೆಲ್ಲ ಕುರಿಯ ವಾಸನೆ. ಶುಚಿಯಾದ ಬಟ್ಟೆ ಬೇಕೆಂದು ಅಳಿಯನನ್ನು ಓಡಿಸಿ, ಗಳದ ಮೇಲಿನ ಬಟ್ಟೆಯನ್ನೇ ಇಳಿಸಿ ತರಿಸಿದಳು. ಕೂಸು ಕುಂಡೆ ಮುಂದಾಗಿ ಬಂತು. ಬೀಗಿತಿ ಹೆದರಿ "ಎಳೀ, ಎಳೀ" ಎಂದು ಕೂಗಿದಳು. ಲಗುಮವ್ವ ಎಳೆಯಲಿಲ್ಲ. "ಹಿಂದಿನಿಂದ ಬರೂ ಮರಿನ್ನ ಎಳೀಬಾರದು. ಅದು ತಾನ ಬರತೈತಿ. ಕೆಳಗ ಕೈ ಹಿಡಕೊಂಡು ಕೂಡಬೇಕು" ಎಂದಳು. ನಲವತ್ತು ವರ್ಷ ಬಯಲಿನಲ್ಲಿ ಕುರಿಗಳನ್ನು ಈಯಿಸಿದ ಕೈ ಅದು. ಅವಸರ ಅದಕ್ಕೆ ಗೊತ್ತಿರಲಿಲ್ಲ. ಕೂಸು ಹೆಗಲಿನ ತನಕ ತಾನಾಗಿ ಇಳಿಯಿತು. ಆಗ ಮಾತ್ರ ಅವಳು ಅದನ್ನು ಮೇಲಕ್ಕೆ ಎತ್ತಿದಳು. ತಲೆ ಬಂತು. ಗಂಡು. ಅತ್ತಿತು.

ಇದನ್ನು ಕೇಳುತ್ತ ಕೇಳುತ್ತ ಸಾರವ್ವ ಮಗಳ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು. ತನ್ನ ಎರಡೂ ಕೈಗಳನ್ನು ಮುಂದೆ ಇಟ್ಟುಕೊಂಡು ನೋಡುತ್ತಿದ್ದಳು. ಸಂತೋಷಕ್ಕೆ ಹೀಗಾಗಿದೆ ಎಂದು ಎಲ್ಲರೂ ತಿಳಿದರು. ನಾನೂ ಹಾಗೆಯೇ ತಿಳಿದೆ.

ಎಂಟು ದಿನದ ಮೇಲೆ ನಾವಿಬ್ಬರೂ ಹೊಳೆ ದಾಟಿ ಹಿಂದಿರುಗಿದೆವು. ನಡುಹೊಳೆಯಲ್ಲಿ ಅವಳು ಹೇಳಿದಳು.

"ಮೊದಲನೇ ಕೂಸನ್ನ ನಾ ಎಳದೆರಿ, ಅಯ್ಯನವರ. ಯಾರಿಗೂ ಹೇಳಿಲ್ಲ. ಊರ ಮಂದಿ ಹೆರಿಗಿಯೊಳಗ ಎಂದೂ ಎಳದಿಲ್ಲ, ಅದನ್ನ ಬಲ್ಲೆ. ಮಗಳು ಒದರಿದಳು, ನಾ ಅಂಜಿದೆ, ಎಳದೆ. ಈ ಸಲಾನೂ ಎಳೀತಿದ್ದೆ. ಹೆತ್ತ ಕೈ ಸುಮ್ಮನ ಕೂಡತಿರಲಿಲ್ಲ."

ಕೈಯನ್ನು ನೀರಿಗೆ ಅದ್ದಿ ಮತ್ತೆ ಹೇಳಿದಳು. "ನಾ ಇದ್ದರ ಆಕಿ ಉಳೀತಾಳ ಅಂದಕೊಂಡಿದ್ದೆ."

ನಾನು ಹೊಳೆಯನ್ನು ನೋಡಿದೆ. ಅದು ಈಗ ಶಾಂತವಾಗಿ ಹರಿಯುತ್ತಿತ್ತು. ಮೂರು ದಿನ ನಾನು ಇದನ್ನೇ ಇಳಿಸೆಂದು ಮಂಡಿಯೂರಿ ಬೇಡಿದ್ದೆ. ನನ್ನ ಮಾತು ಮೊದಲ ದಿನವೇ ನಡೆದಿದ್ದರೆ ಸಾರವ್ವ ತನ್ನ ಅಂಜಿದ ಕೈಯನ್ನು ತೆಗೆದುಕೊಂಡು ಆಚೆಗೆ ಹೋಗುತ್ತಿದ್ದಳು. ಕುರಿಗಾಹಿಯ ಹೆಂಡತಿಯ ನೆತ್ತರು ನಿಲ್ಲಿಸುವ ಕೈ ಅವಳ ಹತ್ತಿರ ಇರುತ್ತಿರಲಿಲ್ಲ. ಹರಿಗೋಲಿನಲ್ಲಿ ಕೂತಿದ್ದ ನಾನು ಪ್ರಾರ್ಥನೆಗೆ ತೆಗೆಯುವ ಹಾಗೆ ತಲೆಯ ಮೇಲಿನ ವಸ್ತ್ರ ತೆಗೆದೆ. ಅಂಬಿಗ ನನ್ನನ್ನು ವಿಚಿತ್ರವಾಗಿ ನೋಡಿದ.

ದೇವರು ಆ ಹೊಳೆಯನ್ನು ಯಾಕೆ ಏರಿಸಿದ ಎಂದು ನಾನು ಹೇಳುವವನಲ್ಲ. ಅದೇ ನೀರು ಕೆಳಗಿನ ಎರಡು ಹಳ್ಳಿಗಳ ಮನೆಗಳನ್ನು ಒಯ್ದಿತ್ತು. ಅಲ್ಲಿ ಅತ್ತವರೂ ಇದ್ದರು. ನಾನು ಕಂಡದ್ದನ್ನು ಮಾತ್ರ ಹೇ‍ಳುತ್ತಿದ್ದೇನೆ. ಮಗಳನ್ನು ಪ್ರೀತಿಸುವುದನ್ನು ಸಾರವ್ವ ಒಂದು ಗಳಿಗೆಯೂ ಬಿಡಲಿಲ್ಲ. ತನ್ನ ಕೈ ಮುಟ್ಟದ ಕಡೆಗೆ ಕೈ ಚಾಚುವುದನ್ನು ಬಿಟ್ಟಳು. ಮುಟ್ಟುವ ಕಡೆಗೆ ಚಾಚಿದಳು.

ಅಯ್ಯನವರು ನಿಲ್ಲಿಸಿದರು.

ಜಕರೀಯ ಮುಖ ಕೆಳಗೆ ಮಾಡಿ ಕೂತಿದ್ದ. ಕೊನೆಗೆ ಕೇಳಿದ.

"ಆ ಮುದುಕಿ ಅಲ್ಲಿ ಇದ್ದಳು, ಅಯ್ಯನವರೇ. ಅದಕ್ಕೆ ಇದು ಹೇಳುವ ಕತೆಯಾಯಿತು. ಅವಳೂ ಇರದೇ ಹೋಗಿದ್ದರೆ? ಆ ಬಟ್ಟೆಯನ್ನು ಹೆಣಕ್ಕೆ ಹೊದಿಸಲೆಂದೇ ಇಳಿಸಿದ್ದರೆ?"

ಅಯ್ಯನವರು ಅವನ ಹೆಗಲ ಮೇಲೆ ಕೈ ಇಟ್ಟರು.

"ಆಗಲೂ ಆ ದಂಡೆ ಖಾಲಿ ಇರುತ್ತಿರಲಿಲ್ಲ, ಮಗನೇ."